ಕೆಲಸ ಮುಗೀತಾ? ಒಂದು ಸಲ ಕೂತು ಮಾತಾಡಿ

2024ರ ಆಗಸ್ಟ್ 10ರ ರಾತ್ರಿ. ಚೈನ್ ಕಡಿದು ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿ ನೀರು ತಡೆದರು. ಸಿಂಧನೂರು, ಮಸ್ಕಿ ಕಡೆಯ ಭತ್ತದ ರೈತರು ನೆಮ್ಮದಿಯ ಉಸಿರುಬಿಟ್ಟರು. ಅಲ್ಲಿಗೇ ಮುಗಿಯಲಿಲ್ಲ: ತಜ್ಞರು ಪರಿಶೀಲಿಸಿ, 33 ಗೇಟುಗಳನ್ನೂ ಬದಲಿಸಿ ಎಂದರು.

ನಿಮ್ಮೂರ ಕಾಲುವೆ ದುರಸ್ತಿಗೂ, ಲಿಂಗಸುಗೂರಿನ ರಸ್ತೆ ಕಾಮಗಾರಿಗೂ ಕೆಲಸ ಮುಗಿದ ಮೇಲೆ ಇಂಥದ್ದೇ ಪರಿಶೀಲನೆಯ ಸಭೆಯೊಂದು ಬೇಕು. ಎಂಜಿನಿಯರ್, ಗುತ್ತಿಗೆದಾರ, ಗ್ಯಾಂಗ್‌ಮನ್, ಕಾಲುವೆಯ ಕೊನೆಭಾಗದ ರೈತ ಎಲ್ಲರೂ ಕೂಡಲಿ. ಅಂದುಕೊಂಡದ್ದೇನು? ಆದದ್ದೇನು? ಯಾಕೆ? ಯಾರ ತಪ್ಪು ಅಂತ ಮಾತ್ರ ಕೇಳಬೇಡಿ, ಎಲ್ಲರ ಬಾಯಿ ಬಂದ್ ಆಗುತ್ತೆ. ಮೊದಲ ಮಾತು ಗ್ಯಾಂಗ್‌ಮನ್‌ದು. ಸಾಹೇಬರು ಶುರು ಮಾಡಿದರೆ ಅವನು ತುಟಿ ಬಿಚ್ಚಲ್ಲ! ಏನು ಬದಲಾಗಬೇಕು, ಯಾರ ಹೊಣೆ, ಯಾವ ತಾರೀಖು ಎಲ್ಲ ಬರೆದಿಡಿ. ಮುಂದಿನ ಟೆಂಡರ್ ಕರೆಯುವಾಗ ಆ ಹಾಳೆ ಮೇಜಿನ ಮೇಲಿರಲಿ.