ಹಿಮ ಒಡೆಯುವ ಪೈಪು, ಎರಿ ಮುರಿಯುವ ಪೈಪು

ಅಮೆರಿಕದ ಮಿನೆಸೋಟಾ, ಮಿಷಿಗನ್ ಕಡೆ ಅಕ್ಟೋಬರ್ ಬಂತೆಂದರೆ ಟ್ರಾವೆಲ್ ಟ್ರೇಲರ್ ಇಟ್ಟುಕೊಂಡವರಿಗೆ ಒಂದು ಕೆಲಸ ಕಾದಿರುತ್ತದೆ. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ ಆ ಗಾಲಿಮನೆಯ ಅಡುಗೆಕೋಣೆ, ಬಚ್ಚಲುಗಳಿಗೆಲ್ಲ ಸಣ್ಣ ಪೈಪುಗಳಲ್ಲಿ ನೀರು ಹರಿಯುತ್ತದೆ. ಚಳಿಗಾಲಕ್ಕೆ ಗಾಡಿ ನಿಲ್ಲಿಸುವ ಮುಂಚೆ ಟ್ಯಾಂಕು, ಗೀಸರ್ ಬರಿದು ಮಾಡಿ, ಕಂಪ್ರೆಸರಿನಿಂದ ಗಾಳಿ ಊದಿ, ಉಳಿದ ಹನಿಗಳನ್ನೂ ಹೊರದೂಡುತ್ತಾರೆ. ಕೆಲವರು ಸುಲಭಕ್ಕೆ ಹೆಪ್ಪುಗಟ್ಟದ ಪ್ರೊಪೈಲೀನ್ ಗ್ಲೈಕಾಲ್ ದ್ರವವನ್ನೇ ಪೈಪಿಗೆ ತುಂಬಿಸುತ್ತಾರೆ.

ನೀರು ಹಿಮವಾಗುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಸೋಜಿಗವೆಂದರೆ ಪೈಪು ಸಾಮಾನ್ಯವಾಗಿ ಹಿಮ ಕಟ್ಟಿದಲ್ಲೇ ಸೀಳುವುದಿಲ್ಲ. ಹಿಮದ ಬಿರಡೆ ಬೆಳೆಯುತ್ತ ಹೋದಂತೆ ಅದಕ್ಕೂ ಮುಚ್ಚಿದ ನಳಕ್ಕೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿ, ಅಲ್ಲೆಲ್ಲೋ ದುರ್ಬಲ ಜಾಗದಲ್ಲಿ ಒಡೆಯುತ್ತದೆ. ಕಡುಚಳಿಯ ರಾತ್ರಿ ನಳವನ್ನು ತುಸು ಹನಿಯಲು ಬಿಡುವುದು ಅದಕ್ಕೇ.

ಆಳಂದ, ಅಫಜಲಪುರ, ಜೇವರ್ಗಿಯವರಿಗೆ ಇದನ್ನು ಹೇಳಿದರೆ ನಕ್ಕಾರು. ಇಲ್ಲಿ ರಾತ್ರಿಯ ಉಷ್ಣಾಂಶ 10 ಡಿಗ್ರಿಗೆ ಇಳಿದರೆ ಅದೇ ದೊಡ್ಡ ಥಂಡಿ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ಪೈಪಿನೊಳಗೆ ಹಿಮ ಕಟ್ಟುವ ಮಾತೇ ಇಲ್ಲ. ಹಾಗಂತ ಇಲ್ಲಿನ ಪೈಪು ಒಡೆಯದೆ ಉಳಿದಿಲ್ಲ. ಹಿಗ್ಗುವ ವಸ್ತು ಇಲ್ಲಿ ಪೈಪಿನ ಒಳಗಿಲ್ಲ, ಹೊರಗಿದೆ. ತೊಗರಿ, ಜೋಳ ಬೆಳೆಯುವ ಎರಿ ಭೂಮಿಯೇ ಅದು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾ ಕಪ್ಪು ಬಸಾಲ್ಟ್ ಕಲ್ಲಾಯಿತು. ಆ ಕಲ್ಲು ಕೊಳೆತು ಎರಿಯಾಯಿತು. ಈ ಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಗುಂಪಿನ ಜೇಡಿ ಹೇರಳ. ಕಡಕ್ ರೊಟ್ಟಿ ಪೇರಿಸಿಟ್ಟಂತೆ ಅದರಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳು ಒಂದರ ಮೇಲೊಂದು ಕೂತಿರುತ್ತವೆ. ಮಳೆ ಬಿದ್ದಾಗ ನೀರಿನ ಅಣುಗಳು ಹಾಳೆಗಳ ಸಂದಿಗೆ ನುಗ್ಗಿ ಅವನ್ನು ಅಗಲಿಸುತ್ತವೆ, ಇಡೀ ನೆಲ ಉಬ್ಬುತ್ತದೆ. ಬೇಸಿಗೆಯಲ್ಲಿ ಆ ನೀರು ಆರಿ ಹೋದಾಗ ನೆಲ ಕುಗ್ಗಿ, ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು ಬಿಡುತ್ತದೆ. ಈ ಏರಿಳಿತ ಜೋರಾಗಿರುವುದು ಮೇಲ್ಪದರದಲ್ಲಿ; ನಾವು ಪೈಪು ಹೂಳುವುದೂ ಅಲ್ಲೇ.

ನೆಲವೆಲ್ಲ ಒಂದೇ ಸಮ ಏರಿ ಇಳಿದಿದ್ದರೆ ಪೈಪೂ ಅದರ ಜೊತೆ ಏರಿ ಇಳಿಯುತ್ತಿತ್ತು. ಆದರೆ ಸಾರ್ವಜನಿಕ ನಳದ ಸುತ್ತ ಮಣ್ಣು ಸದಾ ಹಸಿಯಾಗಿ ಉಬ್ಬಿರುತ್ತದೆ, ನಾಲ್ಕು ಹೆಜ್ಜೆ ಆಚೆ ಒಣಗಿ ಕುಗ್ಗಿರುತ್ತದೆ. ನಡುವಿನ ಪೈಪು ಬಾಗುತ್ತದೆ, ಜೋಡಣೆ ಸಡಿಲುತ್ತದೆ. ಸಡಿಲಿದಲ್ಲಿ ನೀರು ಸೋರುತ್ತದೆ. ಸೋರಿದ ನೀರನ್ನೇ ಕುಡಿದು ಮಣ್ಣು ಅಲ್ಲಿ ಮತ್ತಷ್ಟು ಉಬ್ಬುತ್ತದೆ. ಹಿಮಕ್ಕಾದರೂ ವಸಂತ ಬಂದರೆ ಬಿಡುವುಂಟು. ಎರಿ ಎರಡು ಕಾಲದಲ್ಲೂ ಕೆಲಸ ಮಾಡುತ್ತದೆ.

ಈ ಮಣ್ಣಿನ ಉಬ್ಬಾಟಕ್ಕೆ ಮದ್ದು ಹುಡುಕಿದವರಲ್ಲಿ ಐಐಟಿ ಬಾಂಬೆಯ ಆರ್. ಕೆ. ಕಟ್ಟಿ ಮುಖ್ಯರು. ಎರಿಯ ಮೇಲೆ ಸುಮಾರು ಒಂದು ಮೀಟರ್ ದಪ್ಪ, ಅಂಟುಗುಣವಿದ್ದರೂ ಉಬ್ಬದ ಮಣ್ಣನ್ನು ಹಾಸಿ ಗಟ್ಟಿಸಿದರೆ ಕೆಳಗಿನ ಉಬ್ಬರ ಹತೋಟಿಗೆ ಬರುತ್ತದೆಂದು ಅವರು ತೋರಿಸಿದರು. ನಮ್ಮ ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿ ಈ ವಿಧಾನ ಬಳಕೆಯಾಯಿತು. ಊರಿನ ನಳದ ಪೈಪಿಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ತೋಡಿದ ಎರಿಯನ್ನೇ ಮತ್ತೆ ಪೈಪಿನ ಮೇಲೆ ಸುರಿಯದೆ ಅಡಿಗೂ ಪಕ್ಕಕ್ಕೂ ಮರಳು ಹಾಕಿದರೆ, ಬಾಗಬಲ್ಲ ಎಚ್‌ಡಿಪಿಇ ಪೈಪು ಹಾಕಿದರೆ ಅರ್ಧ ತೊಂದರೆ ಕಳೆಯುತ್ತದೆ. ಎಷ್ಟೋ ಕಡೆ ಗುತ್ತಿಗೆಯ ಕೆಲಸದಲ್ಲಿ ಮೊದಲು ಮಾಯವಾಗುವುದು ಈ ಮರಳೇ ಎಂಬುದು ಬೇರೆ ಮಾತು.

ಮಾಳಿಗೆಯ ಮೇಲಿನ ಪೈಪಿಗೆ ಮಣ್ಣಿನ ಕಾಟವಿಲ್ಲ, ಬಿಸಿಲಿನ ಕಾಟ. 30 ಡಿಗ್ರಿ ಹೆಚ್ಚು ಕಾದರೆ 10 ಮೀಟರ್ ಉದ್ದದ ಪಿವಿಸಿ ಪೈಪು ಸುಮಾರು 2 ಸೆಂಟಿಮೀಟರ್ ಬೆಳೆಯುತ್ತದೆ. ಎರಡೂ ತುದಿ ಬಿಗಿದಿದ್ದರೆ ಡೊಂಕಾಗುತ್ತದೆ. 60 ಡಿಗ್ರಿಯಲ್ಲಿ ಅದರ ಒತ್ತಡ ತಾಳುವ ಶಕ್ತಿ ತಂಪಿನಲ್ಲಿದ್ದುದರ ಕಾಲುಭಾಗವೂ ಉಳಿಯದು. ಮೇಲಾಗಿ ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತದೆ. ಎಚ್‌ಡಿಪಿಇ ಪೈಪು ಕಪ್ಪಗಿರುವುದು ಈ ಕಿರಣ ತಡೆಯಲೆಂದು ಬೆರೆಸಿದ, ಶೇಕಡಾ 2-3ರಷ್ಟು ಇಂಗಾಲದ ಕಪ್ಪುಪುಡಿಯಿಂದ. ಬಿಳಿ ಪಿವಿಸಿಗೆ ಬಣ್ಣ ಬಳಿದರೂ, ಗೋಣಿತಾಟು ಸುತ್ತಿದರೂ ಆಯುಷ್ಯ ಹೆಚ್ಚುತ್ತದೆ.

ಸೋರಿಕೆಯಿಂದ ನೀರು ಪೋಲಾಗುವುದಷ್ಟೇ ಆದರೆ ಸಹಿಸಬಹುದಿತ್ತು. ದಿನಕ್ಕೊಮ್ಮೆ, ಎರಡು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಉಳಿದ ಹೊತ್ತು ಪೈಪು ಬರಿದಾಗಿರುತ್ತದೆ. ಬರಿದಾಗುವಾಗ ಒಳಗಿನ ಒತ್ತಡ ಕುಸಿದು, ನೀರು ಹೊರಬಂದ ಅದೇ ಬಿರುಕಿನಿಂದ ಸುತ್ತಲಿನ ಕೊಚ್ಚೆ ಒಳಗೆ ಸೆಳೆಯಲ್ಪಡುತ್ತದೆ. ಮುಂಗಾರಿನ ಮೊದಲ ವಾರಗಳಲ್ಲಿ, ಒಣಗಿ ಸೀಳಿದ್ದ ಎರಿ ಮತ್ತೆ ಉಬ್ಬತೊಡಗಿದಾಗ, ನಳದಿಂದ ಬರುವ ಮೊದಲ ಕೊಡ ನೀರು ಬಣ್ಣಗೆಟ್ಟಿದ್ದರೆ ಅದನ್ನು ಚೆಲ್ಲಿ ಸುಮ್ಮನಾಗುವುದು ಸಾಲದು. ಕುಡಿಯುವ ನೀರನ್ನು ಕುದಿಸಬೇಕು, ಪಂಚಾಯಿತಿಗೆ ತಿಳಿಸಬೇಕು. ಹಿಂದಿನ ಬೇಸಿಗೆಯಲ್ಲಿ ನೆಲ ಎಲ್ಲಿ ಹೆಚ್ಚು ಬಿರಿದಿತ್ತೋ ಅಲ್ಲಿಂದಲೇ ಪೈಪು ತೋಡಿ ನೋಡುವುದು ಜಾಣತನ.