ಲೈಫ್ ಸರ್ಟಿಫಿಕೇಟಿನ ‘ಲೈಫ್’ ಯಾವುದು?

ಪ್ರಶ್ನೆ: ಪುಣೆಯಲ್ಲಿ ಪಿಂಚಣಿಗೆ ಕೊಡುವ ಲೈಫ್ ಸರ್ಟಿಫಿಕೇಟಿಗೆ ‘ಹಯಾತೀಚಾ ದಾಖಲಾ’ ಅನ್ನುತ್ತಾರೆ. ಈ ‘ಲೈಫ್’ ಅಂದರೆ ಜೀವನವೇ?

ಉತ್ತರ: ಅಲ್ಲ, ಜೀವ. ಪಿಂಚಣಿದಾರರು ಬದುಕಿದ್ದಾರೆಯೇ ಎಂಬುದಷ್ಟೇ ನವೆಂಬರ್ ಬಂದಾಗ ಬ್ಯಾಂಕಿಗೆ ತಿಳಿಯಬೇಕು. ‘ಹಯಾತ್’ ಅರಬ್ಬಿಯಿಂದ ಬಂದದ್ದು. ಕನ್ನಡದ ಆಸ್ತಿಪತ್ರಗಳಲ್ಲೂ ‘ನನ್ನ ಹಯಾತಿಯಲ್ಲಿ’ ಎಂದು ಬರೆಯುವುದುಂಟು. ಹಾಗಾಗಿ ಪುಣೆಯ ಆ ಮಾತು ನಮಗೆ ಪರಕೀಯವೇನಲ್ಲ. 2014ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ತಂದ ಡಿಜಿಟಲ್ ವ್ಯವಸ್ಥೆಯ ಹೆಸರು ‘ಜೀವನ್ ಪ್ರಮಾಣ್’. ಅಲ್ಲಿ ಆಧಾರ್ ಜೊತೆಗೆ ಬೆರಳಚ್ಚನ್ನೋ ಮುಖವನ್ನೋ ತೋರಿಸಿದರಾಯಿತು. ಆ ‘ಜೀವನ್’ ಹಿಂದಿಯದು. ಕನ್ನಡದ ಕಿವಿಗೆ ಜೀವನವೆಂದರೆ ಬದುಕುವ ಬಗೆ, ಅನ್ನ ದುಡಿಯುವ ದಾರಿ. ಇಂಗ್ಲಿಷಿನ ಅದೇ ‘ಲೈಫ್’ ವಿಮೆಗೆ ಬಂದರೆ ಜೀವ, ಶಿಕ್ಷೆಗೆ ಜೀವಾವಧಿ, ಬ್ಯಾಟರಿಗೆ ಬಾಳಿಕೆ, ಹಿರಿಯರ ಹರಕೆಯಲ್ಲಿ ಆಯುಷ್ಯ. ನಿಮ್ಮ ಕಾಗದಕ್ಕೆ ‘ಜೀವಿತ ಪ್ರಮಾಣಪತ್ರ’ವೇ ಒಪ್ಪುವ ಹೆಸರು.