ನಲಿ-ಕಲಿ ಪದ್ಧತಿ ಮತ್ತು ಶಿಕ್ಷಕರ ಮನೋಭಾವ

ಹೊಸ ಬೋಧನಾ ಕ್ರಮಗಳನ್ನು ಶಿಕ್ಷಕರು ಸುಲಭವಾಗಿ ಒಪ್ಪುವುದಿಲ್ಲವೆಂಬ ದೂರು ಸಾಮಾನ್ಯವಾದುದು. ನಲಿ-ಕಲಿಯ ಇತಿಹಾಸವು ಈ ಅಭಿಪ್ರಾಯವನ್ನು ಪುಷ್ಟೀಕರಿಸುವುದಿಲ್ಲ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ವೀಕ್ಷಿಸಿ ಬಂದು, ಯುನಿಸೆಫ್ ನೆರವಿನೊಂದಿಗೆ ಕಲಿಕಾ ಕಾರ್ಡುಗಳನ್ನು ತಾವೇ ರೂಪಿಸಿದರು. ಮಗುವು ತನ್ನದೇ ವೇಗದಲ್ಲಿ ಕಲಿಕಾ ಏಣಿಯನ್ನು ಏರುವುದು, ಗೈರುಹಾಜರಾದ ಮಗು ಬಿಟ್ಟಲ್ಲಿಂದಲೇ ಮುಂದುವರಿಯುವುದು ಈ ಪದ್ಧತಿಯ ತಿರುಳು. 2009-10ರಲ್ಲಿ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ವಿಸ್ತರಿಸಲಾಯಿತು.

ಹೀಗೆ ಮೊದಲಿನವರು ಸ್ವತಃ ರೂಪಿಸಿದ ಕ್ರಮವು ನಂತರದವರಿಗೆ ಆದೇಶವಾಗಿ ತಲುಪಿತು. ಏಕಕಾಲಕ್ಕೆ ಐದು ಗುಂಪುಗಳನ್ನು ನಿಭಾಯಿಸಿ, ಪ್ರತಿ ಮಗುವಿನ ಪ್ರಗತಿಯನ್ನು ದಾಖಲಿಸಬೇಕಾದ ಶಿಕ್ಷಕರಿಗೆ ಹರಿದ ಕಾರ್ಡುಗಳು, ಇಕ್ಕಟ್ಟಾದ ಕೊಠಡಿ ದೊರೆತರೆ ಹಿಂಜರಿಕೆ ಸಹಜ. ಅದನ್ನು ಅಸಡ್ಡೆಯೆಂದು ಭಾವಿಸಲಾಗದು.

ಆದುದರಿಂದ ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ಎಸ್‌ಡಿಎಂಸಿಗಳು ಶಾಲೆಗೆ ಭೇಟಿ ನೀಡಿದಾಗ ಕೊಠಡಿಯ ನೆಲ, ಬೆಳಕು, ಕಾರ್ಡುಗಳ ಸ್ಥಿತಿಯನ್ನು ಮೊದಲು ಪರಿಶೀಲಿಸುವುದು ಸೂಕ್ತ. ಯಾವ ಕೊರತೆಯನ್ನು ಮೊದಲು ನೀಗಿಸಬೇಕೆಂಬುದನ್ನು ತರಗತಿ ನಡೆಸುವ ಶಿಕ್ಷಕರಿಂದಲೇ ಕೇಳಿ ತಿಳಿದು, ಕ್ರಿಯಾಯೋಜನೆ ಸಿದ್ಧಪಡಿಸುವಾಗ ಪರಿಗಣಿಸತಕ್ಕದ್ದು.